ಅತ್ತಿಗೆ ತೆಗೆದಿಟ್ಟ ತಟ್ಟೆ

ಎಲ್ಲರಿಗೂ ನಮಸ್ಕಾರ. ಯೇಸುವಿಗೆ ಸ್ತೋತ್ರ. ಪ್ರೈಸ್ ದ ಲಾರ್ಡ್. ಮೂರೂ ಹೇಳಿಬಿಟ್ಟೆ, ನಿಮ್ಮ ಮನೆಯಲ್ಲಿ ಯಾವುದು ರೂಢಿಯೋ ಅದನ್ನು ಇಟ್ಟುಕೊಳ್ಳಿ. ನಮ್ಮ ಹಾಸನದಲ್ಲಿ ಒಬ್ಬ ಕ್ರೈಸ್ತ ಬಾಯಿ ತೆರೆದರೆ ಸಾಕು, ಯಾವ ಚರ್ಚಿನವನು ಅಂತ ಗೊತ್ತಾಗಿಬಿಡುತ್ತದೆ. 'ಪೂಜೆಗೆ ಹೋಗಿದ್ದೆ' ಅಂದರೆ ಕ್ಯಾಥೊಲಿಕ್. 'ಆರಾಧನೆಗೆ ಹೋಗಿದ್ದೆ' ಅಂದರೆ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯವರು, ಇರಬೇಕು. 'ಮೀಟಿಂಗ್‌ಗೆ ಹೋಗಿದ್ದೆ' ಅಂದರೆ ನಮ್ಮಂಥವರು, ಬಾಡಿಗೆ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವವರು. ಒಬ್ಬರಿಗೆ ಫಾದರ್, ಒಬ್ಬರಿಗೆ ಅಯ್ಯನವರು, ಒಬ್ಬರಿಗೆ ಪಾಸ್ಟರ್. ಕೈಯಲ್ಲಿರುವ ಪುಸ್ತಕಕ್ಕೂ ಎರಡು ಹೆಸರು, ಅವರದು ಶ್ರೀಗ್ರಂಥ, ನಮ್ಮದು ಸತ್ಯವೇದ.

ಇವತ್ತು ನಾನು ಹೇಳಬೇಕಾಗಿರುವುದು ಒಂದು ತಟ್ಟೆಯ ವಿಷಯ.

ನಮ್ಮೂರು ಆಲೂರು ಕಡೆ. ಅಪ್ಪನ ಕಾಲದ ಸ್ಟೀಲ್ ತಟ್ಟೆ ಅದು, ಅಂಚಿನಲ್ಲಿ ಅಪ್ಪನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದಾರೆ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮನೆಯಲ್ಲಿ ಹಿರಿಯರ ಹಬ್ಬ. ಹೊಸ ಬಟ್ಟೆ, ಕಜ್ಜಾಯ, ವಡೆ, ಮಾಂಸದ ಸಾರು, ಅಪ್ಪನಿಗೆ ಇಷ್ಟ ಇದ್ದದ್ದೆಲ್ಲ ಮಾಡಿ ಎಡೆ ಇಡುತ್ತಾರೆ. ನಾನು ನಂಬಿಕೆಗೆ ಬಂದು 19 ವರ್ಷ ಆಯಿತು, ಎಡೆ ಇಟ್ಟ ಊಟ ನಾನು ಮಾಡುವುದಿಲ್ಲ. ಹಾಗಾಗಿ ಅತ್ತಿಗೆ ಏನು ಮಾಡುತ್ತಾರೆ ಗೊತ್ತಾ? ಎಡೆಗೆ ಬಡಿಸುವ ಮೊದಲೇ, ಒಲೆಯ ಮೇಲಿಂದ ನೇರವಾಗಿ, ನನ್ನ ಪಾಲು ಆ ತಟ್ಟೆಗೆ ತೆಗೆದು, ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ, ರಾಗಿ ಹಿಟ್ಟಿನ ಡಬ್ಬದ ಮೇಲೆ ಇಟ್ಟಿರುತ್ತಾರೆ. ನಾನು ಹೋದ ಕೂಡಲೇ "ಇದು ಮುಂಚೆನೇ ತೆಗ್ದಿದ್ದು ಕಣಪ್ಪ, ಧೈರ್ಯವಾಗಿ ತಿನ್ನು" ಅನ್ನುತ್ತಾರೆ. ಅಷ್ಟೇ ಮಾತು. 13 ವರ್ಷದಿಂದ ಒಂದು ವರ್ಷವೂ ತಪ್ಪಿಲ್ಲ. ನಾನು ಕೇಳಿದ್ದೂ ಇಲ್ಲ.

ಮೊದಮೊದಲು ನನಗೆ ಇದೇನೂ ದೊಡ್ಡ ವಿಷಯ ಅನ್ನಿಸಿರಲಿಲ್ಲ. ನನ್ನ ಸಾಕ್ಷಿ, ಅಂದರೆ ನಂಬಿಕೆಗೆ ತಕ್ಕ ನಡತೆ, ಗಟ್ಟಿಯಾಗಿದೆ, ಅದಕ್ಕೇ ಅವರು ಗೌರವ ಕೊಡುತ್ತಿದ್ದಾರೆ ಅಂದುಕೊಂಡಿದ್ದೆ. ಎಂಥ ಜಂಬ ನೋಡಿ. ನಮ್ಮ ಮೀಟಿಂಗ್‌ಗಳಲ್ಲಿ 'ಅವಿಶ್ವಾಸಿ ಬಂಧುಗಳ ಮಧ್ಯೆ ತಾಳ್ಮೆಯಿಂದ ಇರುವುದು ಹೇಗೆ' ಅಂತ ಎಷ್ಟು ಪ್ರಸಂಗ ಕೇಳಿದ್ದೇನೋ ಲೆಕ್ಕ ಇಲ್ಲ. ಎಲ್ಲದರಲ್ಲೂ ತಾಳಿಕೊಳ್ಳುವವರು ನಾವು, ಸತಾಯಿಸುವವರು ಅವರು. ನಮ್ಮ ಮನೆಯ ಲೆಕ್ಕ ತೆಗೆದರೆ ಉಲ್ಟಾ ಬರುತ್ತದೆ. ತಾಳಿಕೊಂಡವರು ಅವರು. ಸತಾಯಿಸಿದವನು ನಾನು.

ಆ 'ಅವಿಶ್ವಾಸಿ' ಅನ್ನುವ ಪದದ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ವಿಶ್ವಾಸ ಅಂದರೆ ನಂಬಿಕೆ ಮಾತ್ರ ಅಲ್ಲ, ಅಕ್ಕರೆಯೂ ಹೌದು. 'ಪ್ರೀತಿ ವಿಶ್ವಾಸ ಇರಲಿ' ಅಂತ ಮದುವೆ ಮನೆಯಲ್ಲಿ ಬೀಳ್ಕೊಡುತ್ತೇವೆ. 'ತುಂಬಾ ವಿಶ್ವಾಸದ ಮನುಷ್ಯ' ಅಂದರೆ ಯಾವ ದೇವರನ್ನು ನಂಬುತ್ತಾನೆ ಅಂತ ಯಾರೂ ಕೇಳುವುದಿಲ್ಲ. ಅವಿಶ್ವಾಸ ಅಂದರೆ ನಮ್ಮ ಕಡೆ ಪಂಚಾಯ್ತಿ ಅಧ್ಯಕ್ಷರನ್ನು ಇಳಿಸೋಕೆ ಮಾಡುವ ಗೊತ್ತುವಳಿ! ಹಿಟ್ಟಿನ ಡಬ್ಬದ ಮೇಲೆ ನನಗೋಸ್ಕರ ತಟ್ಟೆ ಮುಚ್ಚಿಡುವ ಹೆಂಗಸನ್ನು ಅವಿಶ್ವಾಸಿ ಅಂತ ಕರೆಯೋಕೆ ನನಗೆ ನಾಲಿಗೆ ಏಳುವುದಿಲ್ಲ. ಯೇಸುವನ್ನು ಒಪ್ಪಿಲ್ಲ, ಅದು ಬೇರೆ. ಅದನ್ನು ಅಷ್ಟೇ ಹೇಳೋಣ.

ಈಗ ನಾನು ಸತಾಯಿಸಿದ ಕಥೆ. 14 ವರ್ಷದ ಹಿಂದೆ ಅಪ್ಪ ತೀರಿಕೊಂಡರು. ನಾನು ಎರಡನೇ ಮಗ. ಆಗ ನನಗೆ ಹೊಸ ಬಿಸಿ, ಎಲ್ಲವೂ ಕಪ್ಪು ಬಿಳುಪು. ಚಟ್ಟಕ್ಕೆ ಹೆಗಲು ಕೊಟ್ಟೆ, ಮಣ್ಣು ಹಾಕಿದೆ. ತಲೆ ಬೋಳಿಸುವುದಿಲ್ಲ ಅಂದೆ. ತಿಥಿಗೆ ಹೋಗಬಾರದು ಅಂತ ಆಗಿನ ನಮ್ಮ ಪಾಸ್ಟರ್ ಹೇಳಿದ್ದರು, ಹೋಗಲಿಲ್ಲ. ಕಾರ್ಯಕ್ಕೆ ಕೂರದೆ ಇರುವುದು ಬೇರೆ, ಊರಿಗೇ ಹೋಗದೆ ಇರುವುದು ಬೇರೆ. ಆ ವ್ಯತ್ಯಾಸ ನನಗೂ ಹೊಳೆಯಲಿಲ್ಲ, ಅವರೂ ಹೇಳಲಿಲ್ಲ. ಆ ದಿನ ಹಾಸನದ ರೂಮಿನಲ್ಲಿ ಒಬ್ಬನೇ ಬಾಗಿಲು ಹಾಕಿಕೊಂಡು ಉಪವಾಸ ಪ್ರಾರ್ಥನೆ ಮಾಡಿದೆ, ದೇವರ ಪರವಾಗಿ ದೊಡ್ಡ ಯುದ್ಧ ಗೆದ್ದವನ ಹಾಗೆ. ಅಲ್ಲಿ ಊರಿನಲ್ಲಿ ಪಂಕ್ತಿಯಲ್ಲಿ ಕೂತವರು ಕೇಳಿದರಂತೆ, "ಚಿಕ್ಕವನು ಎಲ್ಲಿ? ಅಪ್ಪ ಸತ್ತರೂ ಬರಲ್ವಾ?" ಅಂತ. ಅಣ್ಣ ಬಡಿಸುತ್ತಿದ್ದ ಬಕೆಟ್ ಕೆಳಗಿಟ್ಟು ಹೇಳಿದನಂತೆ: "ಅವನ ಪಾಲಿಂದೂ ನಾನೇ ಮಾಡಿದೀನಿ. ಊಟ ಮಾಡಿ."

ಇದನ್ನು ನನಗೆ ಅಣ್ಣ ಹೇಳಲಿಲ್ಲ. ಎರಡು ವರ್ಷ ಆದ ಮೇಲೆ ಪಕ್ಕದ ಮನೆಯವರು ಮಾತಿನ ಮಧ್ಯೆ ಹೇಳಿದರು. ಅಣ್ಣನ ಬಾಯಿಂದ ಇವತ್ತಿನವರೆಗೂ ಆ ವಿಷಯ ಬಂದಿಲ್ಲ.

ತಿಥಿ ಮಾಡಬೇಕಿತ್ತು ಅಂತ ನಾನು ಈಗಲೂ ಹೇಳುತ್ತಿಲ್ಲ. ನನ್ನ ನಂಬಿಕೆಯಲ್ಲಿ ಸತ್ತವರಿಗೆ ಎಡೆ ಇಡುವುದಿಲ್ಲ, ಅದು ಹಾಗೇ ಇದೆ. ಆದರೆ ಎಲೆ ಎತ್ತೋಕೆ, ನೀರು ಹೊರೋಕೆ, ಅಮ್ಮನ ಪಕ್ಕ ಸುಮ್ನೆ ಕೂರೋಕೆ ಯಾವ ವಚನ ಅಡ್ಡ ಬರುತ್ತಿತ್ತು? ಸತ್ಯವೇದದಲ್ಲಿ ಪೌಲ ಕೊರಿಂಥದ ಸಭೆಯವರಿಗೆ ಬರೆದ ಮೊದಲನೇ ಪತ್ರದ 10ನೇ ಅಧ್ಯಾಯ ತೆಗೆದು ನೋಡಿ. ನಂಬದವರು ಊಟಕ್ಕೆ ಕರೆದರೆ, ಹೋಗಬೇಕು ಅನ್ನಿಸಿದರೆ ಹೋಗು, ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನು ಅನ್ನುತ್ತಾನೆ. ಇದು ನೈವೇದ್ಯದ್ದು ಅಂತ ಯಾರಾದರೂ ಹೇಳಿದರೆ ಮಾತ್ರ ಬಿಡು, ಹೇಳಿದವರ ಮನಸ್ಸಿಗೋಸ್ಕರ. ಅತ್ತಿಗೆ ಈ ಅಧ್ಯಾಯ ಓದಿಲ್ಲ. ಅದರ ಎರಡೂ ಕಡೆಯನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ಸರಿಮಾಡಿ ಇಟ್ಟಿದ್ದಾರೆ.

ನಮ್ಮಲ್ಲಿ ತಾಳ್ಮೆ ಅಂದರೆ ಬಹಳ ಸಲ ಗಾಳ ಹಾಕಿ ಕೂತ ಹಾಗೆ. ಹೇಮಾವತಿ ಹಿನ್ನೀರಿನಲ್ಲಿ ಕೂರುತ್ತಾರಲ್ಲ, ಬೆಂಡು ಅಲ್ಲಾಡಿತಾ, ಎಳೆದ್ರಾ. ಅಣ್ಣನ ಮಗಳ ಫೀಸಿಗೆ ಒಂದಿಷ್ಟು ದುಡ್ಡು ಕೊಟ್ಟರೆ 'ಈಗಲಾದರೂ ಮನಸ್ಸು ಕರಗಬಹುದು'. ಅಮ್ಮನಿಗೆ ಆಪರೇಷನ್ ಆದರೆ 'ಇದೇ ಸಮಯ'. ನೆಂಟರು ದಡ್ಡರಲ್ಲ ಸ್ವಾಮಿ, ದಾರ ಕಾಣಿಸುತ್ತದೆ ಅವರಿಗೆ. ನಂಬದ ಗಂಡಂದಿರನ್ನು ಹೆಂಡತಿಯರು ಗೆಲ್ಲುವ ವಿಷಯಕ್ಕೆ ಯೇಸುವಿನ ಶಿಷ್ಯ ಪೇತ್ರ ಹೇಳಿದ್ದು 'ಮಾತಿಲ್ಲದೆ' ಅಂತ. ನಡತೆ ನೋಡಿ ಬಂದರೆ ಬರಲಿ. ನಾವು ಆ ವಚನವನ್ನೂ ಓದಿ ಅದರ ಮೇಲೆ ಮುಕ್ಕಾಲು ಗಂಟೆ ಮಾತಾಡುತ್ತೇವೆ.

ಯೇಸುವಿನ ಮನೆಯಲ್ಲೇ ಏನಾಯಿತು ನೋಡಿ. ಈತನಿಗೆ ಬುದ್ಧಿ ಕೆಟ್ಟಿದೆ ಅಂತ ಮನೆಯವರೇ ಹಿಡಿದುಕೊಂಡು ಹೋಗೋಕೆ ಬಂದರು, ಮಾರ್ಕನ 3ನೇ ಅಧ್ಯಾಯ. ಆತನ ತಮ್ಮಂದಿರೂ ಆತನನ್ನು ನಂಬಲಿಲ್ಲ ಅಂತ ಯೋಹಾನ 7ರಲ್ಲಿ ನೇರವಾಗಿಯೇ ಇದೆ. ಅವರು ಆತನ ಒಡಹುಟ್ಟಿದವರಾ ಅಥವಾ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಾ ಅಂತ ಕ್ಯಾಥೊಲಿಕ್‌ರಿಗೂ ನಮಗೂ ಹಳೇ ತಕರಾರು. ಈ ಜಗಳ ಕನ್ನಡದಲ್ಲಿ ಮಾಡೋಕೆ ಬರುವುದೇ ಇಲ್ಲ ಅಂತ ನನಗೆ ಅನ್ನಿಸುತ್ತದೆ. ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ, ಚಿಕ್ಕಮ್ಮನ ಮಗನೂ ತಮ್ಮನೇ. ಯಾರು ಹೆತ್ತಿದ್ದು ಅಂತ ಹಬ್ಬದ ದಿನ ಯಾರು ಕೇಳುತ್ತಾರೆ? ಇರಲಿ. ಅದೇ ತಮ್ಮಂದಿರು ಅಪೊಸ್ತಲರ ಕೃತ್ಯಗಳ ಮೊದಲನೇ ಅಧ್ಯಾಯದಲ್ಲಿ ಶಿಷ್ಯರ ಜೊತೆ ಪ್ರಾರ್ಥನೆಗೆ ಕೂತಿದ್ದಾರೆ. ಅವರಲ್ಲಿ ಯಾಕೋಬ ಮುಂದೆ ಜೆರುಸಲೇಮಿನ ಸಭೆಗೇ ಹಿರಿಯನಾದ. ಮಧ್ಯೆ ಏನಾಯಿತು? ಎದ್ದು ಬಂದ ಯೇಸು ಯಾಕೋಬನಿಗೆ ಕಾಣಿಸಿಕೊಂಡ ಅಂತ ಪೌಲ ಒಂದೇ ಸಾಲು ಬರೆದಿದ್ದಾನೆ. ಅಲ್ಲಿ ಏನು ಮಾತಾಯಿತು ಅಂತ ಯಾರೂ ಬರೆದಿಟ್ಟಿಲ್ಲ. ಅಣ್ಣತಮ್ಮಂದಿರ ಮಾತು, ಬರೆಯದೆ ಬಿಟ್ಟದ್ದೇ ಒಳ್ಳೆಯದಾಯಿತು.

ಫಲ ಕಾಣಲಿಲ್ಲ ಅಂತ ಬೇಸತ್ತವರು ನಮ್ಮ ಜಿಲ್ಲೆಯಲ್ಲೇ ಇದ್ದರು. ಅಬೆ ದುಬೊಯ್ ಅಂತ, ಫ್ರಾನ್ಸಿನ ಪಾದ್ರಿ. 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಕೆಲಸ. ಇಲ್ಲಿನವರ ಹಾಗೇ ಬಟ್ಟೆ ಉಟ್ಟರು, ಇಲ್ಲಿನ ಊಟ ಉಂಡರು, ಜನ ದೊಡ್ಡ ಸ್ವಾಮಿಗಳು ಅಂತ ಕರೆದರು. ಸಿಡುಬಿಗೆ ಲಸಿಕೆ ಹಾಕಿಸೋಕೆ ಊರೂರು ಓಡಾಡಿದರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ರೈತರಿಗೆ ಒಂದು ನೆಲೆ ಮಾಡಿಕೊಟ್ಟರು. ಮೂವತ್ತು ವರ್ಷ ಹೀಗೆ ಬಾಳಿ, 1823ರಲ್ಲಿ ವಾಪಸ್ ಹೋಗುವಾಗ ಏನು ಬರೆದರು ಗೊತ್ತಾ? ಈ ದೇಶದ ಜನ ಕ್ರೈಸ್ತರಾಗುವುದು ಆಗದ ಮಾತು, ಆಸೆ ಇಟ್ಟುಕೊಳ್ಳಬೇಡಿ ಅನ್ನುವ ಅರ್ಥದಲ್ಲಿ. ಬೇರೆ ಮಿಷನರಿಗಳು ಅವರ ಮೇಲೆ ಹರಿಹಾಯ್ದರು. ನನಗೆ ಮಾತ್ರ ಆ ಮನುಷ್ಯನ ಮೇಲೆ ಮರುಕ. ತಲೆ ಎಣಿಸಿ ಸೋತೆ ಅಂದುಕೊಂಡು ಹಡಗು ಹತ್ತಿದರು. ಸಾತಳ್ಳಿಯಲ್ಲಿ ಇವತ್ತೂ ಕ್ರಿಸ್ಮಸ್ ಆಗುತ್ತದೆ, ಬೇಕಾದರೆ ಹೋಗಿ ನೋಡಿ.

ಈಗ ನನ್ನನ್ನು ನಿಜಕ್ಕೂ ಚುಚ್ಚುವ ವಿಷಯಕ್ಕೆ ಬರುತ್ತೇನೆ.

ಆರು ವರ್ಷದ ಹಿಂದೆ, ಜುಲೈ ತಿಂಗಳು. ನಮ್ಮ ಸಭೆಯ ಹಿರಿಯರೊಬ್ಬರು ರಾತ್ರಿ ತೀರಿಕೊಂಡರು. ಆಟೋ ಓಡಿಸುತ್ತಿದ್ದರು, ಒಳ್ಳೆಯ ಕಂಠ, ಹಾಡು ಎತ್ತಿಕೊಡುವುದು ಅವರೇ. ನಮ್ಮಂಥ ಸಣ್ಣ ಸಭೆಗಳಿಗೆ ಸ್ವಂತ ಸಮಾಧಿ ಜಾಗ ಇರುವುದಿಲ್ಲ. ಬೆಳಿಗ್ಗೆ ಒಂದು ಹಳೇ ಚರ್ಚಿನ ಕಮಿಟಿಯವರ ಹತ್ತಿರ ಹೋದೆವು. ರಿಜಿಸ್ಟರ್ ತೆಗೆದು ನೋಡಿ "ಇವರ ಹೆಸರು ನಮ್ಮಲ್ಲಿಲ್ಲ, ನಮ್ಮವರಿಗೇ ಜಾಗ ಸಾಲದು" ಅಂದರು. ಇನ್ನೊಂದು ಕಡೆ ಹೋದೆವು. ಅಲ್ಲಿಯೂ ಅದೇ, ಸ್ವಲ್ಪ ಮೆತ್ತಗೆ. ಮಧ್ಯಾಹ್ನ ಆಯಿತು. ಮಳೆ ಬಿಡುತ್ತಿಲ್ಲ. ಮನೆ ಮುಂದೆ ಶಾಮಿಯಾನದ ಕೆಳಗೆ ಪೆಟ್ಟಿಗೆ.

ಆ ಕಮಿಟಿಯವರನ್ನು ಬೈಯೋಕೆ ನನಗೆ ಬಾಯಿ ಇಲ್ಲ. ಯಾಕೆ ಅಂದರೆ ಅದಕ್ಕೆ ಹಿಂದಿನ ಭಾನುವಾರವೇ ನಮ್ಮ ವೇದಿಕೆಯಿಂದ ಒಬ್ಬರು, ಆ ಚರ್ಚುಗಳೆಲ್ಲ 'ಸತ್ತ ಸಭೆ' ಅಂತ ಕೂಗಿ ಹೇಳಿದ್ದರು. ನಾವೆಲ್ಲ ಆಮೆನ್ ಅಂದಿದ್ದೆವು. ನಾನೂ ಅಂದಿದ್ದೆ. ಸತ್ತ ಸಭೆ ಅಂದವರ ಹತ್ತಿರವೇ ಸತ್ತವರಿಗೆ ಜಾಗ ಕೇಳೋಕೆ ಹೋಗಿ ನಿಂತಿದ್ದೆವು.

ಕೊನೆಗೆ ಜಾಗ ಕೊಟ್ಟಿದ್ದು ಯಾರು? ತೀರಿಕೊಂಡವರ ತಮ್ಮ. ಸಕಲೇಶಪುರದ ಕಡೆ ಒಂದೂವರೆ ಎಕರೆ ಕಾಫಿ ಇದೆ ಅವರಿಗೆ. ಒಂದು ದಿನವೂ ನಮ್ಮ ಹಾಲ್‌ಗೆ ಕಾಲಿಟ್ಟವರಲ್ಲ, ಅಣ್ಣ ಜಾತಿ ಬಿಟ್ಟ ಅಂತ ಹತ್ತು ವರ್ಷ ಮಾತು ಬಿಟ್ಟಿದ್ದವರು. ಫೋನ್‌ನಲ್ಲಿ "ತಗೊಂಡ್ ಬನ್ನಿ" ಅಂದರು. ನಾವು ಹೋಗುವಷ್ಟರಲ್ಲಿ ಬೇಲಿ ಪಕ್ಕ, ಸಿಲ್ವರ್ ಮರದ ಬುಡದ ಹತ್ತಿರ, ಇಬ್ಬರು ಆಳುಗಳ ಜೊತೆ ತಾವೇ ಗುಂಡಿ ತೆಗೆಯುತ್ತಿದ್ದರು. ತೆಗೆದಷ್ಟೂ ನೀರು ತುಂಬುತ್ತಿತ್ತು. ಬಕೆಟ್‌ನಲ್ಲಿ ಎತ್ತಿ ಎತ್ತಿ ಹಾಕಿದರು. ನಮ್ಮ ಪಾಸ್ಟರ್ ಪ್ರಾರ್ಥನೆ ಮಾಡುವಾಗ ತಲೆಗೆ ಹಾಕಿದ್ದ ಗೊಬ್ಬರದ ಚೀಲ ತೆಗೆದು ಕೈಯಲ್ಲಿ ಹಿಡಿದು ನಿಂತರು. ನೆನೆಯುತ್ತಾ.

ಎಲ್ಲ ಮುಗಿದ ಮೇಲೆ ಅವರ ಮನೆ ಜಗಲಿಯಲ್ಲಿ ಕಾಫಿ ಕೊಟ್ಟರು. ಆ ಮನೆಯ ಯಜಮಾನರೊಬ್ಬರು, ವಯಸ್ಸಾದವರು, ನನ್ನನ್ನು ಕೇಳಿದರು: "ಹಾಸನದಲ್ಲಿ ಅಷ್ಟೊಂದು ಚರ್ಚ್ ಇದಾವಲ್ಲ, ಒಂದ್ರಲ್ಲೂ ಜಾಗ ಇರ್ಲಿಲ್ವಾ?" ನಾನು ಏನೇನೋ ವಿವರಿಸಿದೆ. ಅವರು ಬೇರೆ, ಇವರು ಬೇರೆ, ನಾವು ಬೇರೆ ಅಂತ. ಅವರು ಪೂರ್ತಿ ಕೇಳಿಸಿಕೊಂಡು "ಓ, ನಿಮ್ಮಲ್ಲೂ ಒಳಪಂಗಡ" ಅಂದರು. ಆಮೇಲೆ, ನಿಜವಾದ ಕುತೂಹಲದಿಂದ, "ಹೆಣ್ಣು ಕೊಟ್ಟು ತರೋದು ಇದ್ಯಾ, ಅದೂ ಇಲ್ವಾ?" ಅಂದರು. ವ್ಯಂಗ್ಯ ಇರಲಿಲ್ಲ. ಅವರಿಗೆ ಗೊತ್ತಿರುವ ಅಳತೆಗೋಲಿನಲ್ಲಿ ನಮ್ಮನ್ನು ಅಳೆದರು, ಸರಿಯಾಗಿಯೇ ಬಂತು ಅಳತೆ.

ಹಾಗಂತ ಎಲ್ಲರೂ ಬೋರ್ಡು ಕಿತ್ತು ಒಂದೇ ಚರ್ಚ್ ಆಗಿಬಿಡೋಣ ಅನ್ನುವವನಲ್ಲ ನಾನು. ಮಗುವಿಗೆ ದೀಕ್ಷಾಸ್ನಾನ ಕೊಡಬಹುದಾ, ಮರಿಯಮ್ಮನವರ ಹತ್ತಿರ ಬೇಡಬಹುದಾ, ಇವೆಲ್ಲ ಸಣ್ಣ ಪ್ರಶ್ನೆಗಳಲ್ಲ. ಸುಮ್ನೆ ನಕ್ಕು ದಾಟಿಸಿಬಿಟ್ಟರೆ ಎರಡೂ ಕಡೆಯವರಿಗೆ ಅವಮಾನ. ಆದರೆ ಸತ್ತವರಿಗೆ ಆರಡಿ ಜಾಗ ಕೊಡೋಕೆ ಮರಿಯಮ್ಮನವರ ಪ್ರಶ್ನೆ ಬಗೆಹರಿಯಬೇಕಾ?

ಮಾತಾಡಿ ಒಂದಾದವರೂ ಇದ್ದಾರೆ. ಹಾಸನದಲ್ಲಿ ಹಳಬರು ಮಿಷನ್ ಆಸ್ಪತ್ರೆ ಅನ್ನುತ್ತಾರಲ್ಲ, ರೆಡ್‌ಫರ್ನ್ ಆಸ್ಪತ್ರೆ, ಅದನ್ನು ಕಟ್ಟಿದ್ದು ವೆಸ್ಲಿಯನ್ ಮೆಥಡಿಸ್ಟರು. ನಮ್ಮ ಅತ್ತಿಗೆ ಹುಟ್ಟಿದ್ದೂ ಅಲ್ಲೇ. ಇವತ್ತು ಅದು ಸಿ.ಎಸ್.ಐ. ಆಸ್ಪತ್ರೆ. ಮಧ್ಯೆ ಆಗಿದ್ದು ಏನು ಅಂದರೆ, 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಚರ್ಚಿನ ಕೆಲವರು ಕೂತು, ಈ ದೇಶದವರಿಗೆ ಸಂಬಂಧವೇ ಇಲ್ಲದ ಯೂರೋಪಿನ ಜಗಳಗಳನ್ನು ನಾವು ಯಾಕೆ ಹೊರಬೇಕು ಅಂತ ಕೇಳಿಕೊಂಡರು. ಬಿಷಪ್ ಬೇಕೇ ಬೇಕು ಅನ್ನುವ ಆಂಗ್ಲಿಕನ್ನರು ಒಂದು ಕಡೆ. ಬಿಷಪ್ ಇಲ್ಲದೆಯೇ ನಡೆದುಕೊಂಡು ಬಂದ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಇನ್ನೊಂದು ಕಡೆ. ಬಿಷಪ್ ತಲೆಯ ಮೇಲೆ ಕೈಯಿಟ್ಟು ನೇಮಿಸದೆ ಪಾದ್ರಿಯಾದವರನ್ನು ಪಾದ್ರಿ ಅಂತ ಒಪ್ಪುವುದು ಹೇಗೆ ಅನ್ನುವ ಒಂದು ಗಂಟು ಬಿಡಿಸೋಕೇ ವರ್ಷಗಟ್ಟಲೆ ಹಿಡಿಯಿತು. ಕೊನೆಗೆ, ಮುಂದೆ ಪಾದ್ರಿ ಆಗುವವರಿಗೆಲ್ಲ ಬಿಷಪ್ ಕೈಯಿಡಲಿ, ಈಗಾಗಲೇ ಆದವರಿಗೆ ಮತ್ತೆ ಇಡುವುದು ಬೇಡ ಅಂತ ಒಪ್ಪಂದ ಆಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾಗಿ ಸಿ.ಎಸ್.ಐ. ಆದರು. ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತು. 28 ವರ್ಷದ ಮಾತುಕತೆ! ಮೊದಲ ದಿನ ಕೂತವರಲ್ಲಿ ಕೆಲವರು ಕೊನೆಯ ದಿನ ನೋಡಲೇ ಇಲ್ಲ. ನಾವು ಒಂದು ಜಂಟಿ ಕ್ರಿಸ್ಮಸ್ ಮೆರವಣಿಗೆಗೆ ಮೂರು ಮೀಟಿಂಗ್ ಮಾಡಿ, ಬ್ಯಾನರ್‌ನಲ್ಲಿ ಯಾರ ಹೆಸರು ಮೊದಲು ಅಂತ ಮುರಿದುಕೊಂಡು ಎದ್ದು ಬಂದವರು.

ಕೊರಿಂಥದ ಪತ್ರಕ್ಕೆ ಇನ್ನೊಂದು ಸಲ ಬರುತ್ತೇನೆ, ಯಾಕೆ ಅಂದರೆ ಎಲ್ಲವೂ ಅದರಲ್ಲೇ ಇದೆ. ನಾನು ಪೌಲನವನು, ನಾನು ಅಪೊಲ್ಲೋಸನವನು ಅನ್ನುವ ಗುಂಪುಗಾರಿಕೆ 1ರಲ್ಲಿ. ನಂಬದ ಗಂಡ ಹೆಂಡತಿ ಜೊತೆ ಬಾಳುವುದು 7ರಲ್ಲಿ, ಅವರಿಗೆ ಇರೋಕೆ ಇಷ್ಟ ಇದ್ದರೆ ಬಿಡಬೇಡ ಅನ್ನುತ್ತಾನೆ. ನೆಂಟರ ಮನೆ ಊಟ 10ರಲ್ಲಿ. 11ಕ್ಕೆ ಬಂದರೆ ಸಭೆಯವರದೇ ಊಟ. ಅಲ್ಲಿ ಪೌಲ ಸಿಟ್ಟಾಗಿದ್ದಾನೆ. ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮುಗಿಸುತ್ತಾರೆ, ಇಲ್ಲದವರು ಬರುವಷ್ಟರಲ್ಲಿ ಏನೂ ಇರುವುದಿಲ್ಲ. ಅದಕ್ಕೆ ಅವನು ಹೇಳುವ ಪರಿಹಾರ ಏನು? ಊಟಕ್ಕೆ ಕೂಡಿ ಬಂದಾಗ ಒಬ್ಬರಿಗೋಸ್ಕರ ಒಬ್ಬರು ಕಾಯಿರಿ. ಇಷ್ಟೇ. ನಮ್ಮೂರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಪಂಕ್ತಿ ತುಂಬದೆ ಯಾರೂ ತುತ್ತು ಎತ್ತುವುದಿಲ್ಲ. ಕಳೆದ ವರ್ಷ ಹಿರಿಯರ ಹಬ್ಬಕ್ಕೆ ನನ್ನ ಬಸ್ಸು ಕೆಟ್ಟು ನಿಂತು ಒಂದೂವರೆ ಗಂಟೆ ತಡ. ಹೋಗಿ ನೋಡಿದರೆ ಯಾರೂ ಊಟ ಮಾಡಿಲ್ಲ. ಅಣ್ಣನ ಮೊಮ್ಮಗು ಹಸಿದು ಅತ್ತೂ ಅತ್ತೂ ಮಲಗಿಬಿಟ್ಟಿತ್ತು. ನನ್ನ ತಟ್ಟೆ ಬೇರೆ, ಅವರ ಎಲೆ ಬೇರೆ. ಆದರೂ ಕಾದರು.

ಆ ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ತೀರ್ಮಾನ ಮಾಡಿದೆ. ದೊಡ್ಡದೇನಲ್ಲ. ನವೆಂಬರ್ 2, ಕ್ಯಾಥೊಲಿಕ್‌ರಿಗೆ ಮೃತರ ದಿನ. ಅದಕ್ಕೆ ಮುಂಚೆ ಸಮಾಧಿಗಳ ಮೇಲಿನ ಕಳೆ ಕಿತ್ತು, ಸುಣ್ಣ ಬಳಿದು, ಹೂವು ಇಡುತ್ತಾರೆ. ಅವತ್ತಿನ ಪ್ರಾರ್ಥನೆಯ ವಿಷಯದಲ್ಲಿ ನನಗೆ ನನ್ನ ತಕರಾರು ಇದ್ದೇ ಇದೆ. ಕಳೆ ಕೀಳೋಕೆ ಏನು ತಕರಾರು? ಹಿಂದಿನ ದಿನ ಬೆಳಿಗ್ಗೆ ಒಂದು ಕುಡುಗೋಲು ಹಿಡಿದು ಹೋದೆ. ಮಳೆಗಾಲ ಆಗಷ್ಟೇ ಮುಗಿದಿತ್ತು, ಹುಲ್ಲು ಮೊಣಕಾಲು ಮಟ್ಟ. ಗೇಟಿನ ಹತ್ತಿರ ಸುಣ್ಣದ ಬಕೆಟ್ ಕಲಸುತ್ತಿದ್ದ ವಯಸ್ಸಾದವರೊಬ್ಬರು ತಲೆ ಎತ್ತಿ ನೋಡಿದರು.

"ನಿಮ್ಮೋರು ಯಾರು ಇಲ್ಲಿರೋದು?"

"ಯಾರೂ ಇಲ್ಲ ಸಾರ್."

"ಯಾವ ಚರ್ಚು?"

ಹೇಳಿದೆ. ಒಂದು ಕ್ಷಣ ನನ್ನ ಕೈಯಲ್ಲಿದ್ದ ಕುಡುಗೋಲು ನೋಡಿದರು, ಆಮೇಲೆ ಬಲಗಡೆ ಗೋಡೆಯ ಕಡೆ ಕೈ ತೋರಿಸಿದರು.

"ಹಂಗಾದ್ರೆ ಆ ಸಾಲು ಹಿಡೀರಿ. ಆ ಕಡೆ ಮುಳ್ಳು ಜಾಸ್ತಿ, ನೋಡ್ಕೊಂಡು."